ಹಲ್ಲಿಲ್ಲದ ಇಕ್ಕಳ

ಆ ಹಳೇ ಕಾರು ನಮ್ಮ ಗ್ಯಾರೇಜಿನ ಬೀದಿಗೆ ತಿರುಗುವ ಮೊದಲೇ ನನಗೆ ಗೊತ್ತಾಗಿಬಿಡುತ್ತಿತ್ತು. ಪೆಟ್ರೋಲ್ ವಾಸನೆ ಮುಂದೆ, ಕಾರು ಹಿಂದೆ. ಆಮೇಲೆ ಕಪ್ಪು ಹೊಗೆ, ಹೊಗೆಯೊಳಗಿಂದ ಕೆಮ್ಮುತ್ತಾ ಇಳಿಯುವ ಗಡಿಯಾರ ರಿಪೇರಿಯವನು.

"ಡಾಕ್ಟ್ರೇ, ನಿಮ್ಮ ಪೇಷೆಂಟು ಮತ್ತೆ ಹಟ ಹಿಡಿದಿದೆ," ಎನ್ನುತ್ತಿದ್ದ. ಹೇಳುವಾಗ ಅವನ ಕಣ್ಣು ಕಾರಿನ ಮೇಲಿರುತ್ತಿರಲಿಲ್ಲ.

ನಾನು ಬಾನೆಟ್ ಎತ್ತಿ ಅದರ ಹಿಂದೆ ಮುಖ ಮರೆಸಿಕೊಳ್ಳುತ್ತಿದ್ದೆ. ಗ್ರೀಸ್ ಮೆತ್ತಿದ ಮುಖ ಕೆಂಪಾದರೆ ಯಾರಿಗೆ ತಿಳಿಯುತ್ತದೆ ಎಂದುಕೊಂಡಿದ್ದೆ. ಅವನಿಗೆ ತಿಳಿಯುತ್ತಿತ್ತು. ಕೂದಲೆಳೆಯಂಥ ಸ್ಪ್ರಿಂಗುಗಳನ್ನು ನೋಡಿ ಪಳಗಿದ ಕಣ್ಣುಗಳವು.

ಅದು ಅವನ ತಾತನ ಕಾರು. ಮೊದಲ ಸಲ ಬಂದಾಗ ನಿಜಕ್ಕೂ ಕೆಟ್ಟಿತ್ತು. ಕಾರ್ಬುರೇಟರ್ ಬಿಚ್ಚಿ ಬೆಂಚಿನ ಮೇಲಿಟ್ಟು, ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲವನ್ನೂ ತೋರಿಸಿದ್ದೆ. ಈ ಬಟ್ಟಲಲ್ಲಿ ಪೆಟ್ರೋಲ್ ನಿಲ್ಲುತ್ತದೆ. ಅದರಲ್ಲಿ ಈ ಹಿತ್ತಾಳೆಯ ಫ್ಲೋಟ್ ತೇಲುತ್ತದೆ. ಪೆಟ್ರೋಲ್ ಸಾಕಷ್ಟು ತುಂಬಿದಾಗ ಫ್ಲೋಟಿನ ಈ ಪುಟ್ಟ ನಾಲಿಗೆ ಸೂಜಿಯನ್ನು ಒತ್ತಿ ದಾರಿ ಮುಚ್ಚುತ್ತದೆ. ನಾಲಿಗೆ ಒಂಚೂರು ತಪ್ಪು ಕಡೆಗೆ ಬಾಗಿದರೂ ದಾರಿ ಮುಚ್ಚುವುದು ತಡವಾಗುತ್ತದೆ, ಬಟ್ಟಲು ಹೆಚ್ಚು ತುಂಬುತ್ತದೆ, ಎಂಜಿನ್ನಿಗೆ ಬೇಕಾದ್ದಕ್ಕಿಂತ ಜಾಸ್ತಿ ಪೆಟ್ರೋಲ್ ಹೋಗಿ ಹೊಗೆ ಕಪ್ಪಾಗುತ್ತದೆ.

ಅವನು ಗಲ್ಲಕ್ಕೆ ಕೈ ಕೊಟ್ಟು ಕೇಳಿದ. ನನ್ನ ಕೆಲಸದ ಬಗ್ಗೆ ಅಷ್ಟು ಆಸೆಯಿಂದ ಅದುವರೆಗೆ ಯಾರೂ ಕೇಳಿರಲಿಲ್ಲ. ಪ್ರೀತಿಗೆ ಬೀಳಲು ನನಗೆ ಅಷ್ಟೇ ಸಾಕಾಯಿತು.

ಆಮೇಲೂ ಕಾರು ಬರುತ್ತಲೇ ಇತ್ತು. ಬಿಚ್ಚಿದಾಗಲೆಲ್ಲ ಫ್ಲೋಟಿನ ಮಟ್ಟ ತಪ್ಪಿರುತ್ತಿತ್ತು. ಮಟ್ಟ ನೋಡಿ ಕೂರಿಸಿದವಳು ನಾನು. ಅಂದಮೇಲೆ ತಪ್ಪೂ ನನ್ನದೇ. ಗ್ಯಾರೇಜು ನನ್ನ ಸೋದರಮಾವನದು. ಕಾರ್ಬುರೇಟರ್ ಬೆಂಚು ನನ್ನ ಕೈಗೆ ಬರಬೇಕಾದರೆ ವರ್ಷಗಟ್ಟಲೆ ನಟ್ಟು ಬೋಲ್ಟು ತೊಳೆದಿದ್ದೆ. ಆ ಕಾರು ಮತ್ತೆ ಹೊಗೆಯುಗುಳುತ್ತಾ ಬಂದ ದಿನ, ನಾನು ಇಕ್ಕಳದಿಂದ ಆ ನಾಲಿಗೆ ಬಗ್ಗಿಸಿ ಸರಿಮಾಡಿದ ಮೇಲೆ, ಬೇರೆ ಗಿರಾಕಿಗಳೆಲ್ಲ ನೋಡುತ್ತಿದ್ದಂತೆ, ಮಾವ ನನ್ನ ಇಕ್ಕಳ ಎತ್ತಿ ತನ್ನ ಪೆಟ್ಟಿಗೆಗೆ ಹಾಕಿಕೊಂಡ.

"ಕೈ ಹದಕ್ಕೆ ಬರೋವರೆಗೂ ಪಂಕ್ಚರ್ ನೋಡ್ಕೋ," ಎಂದ.

ನನ್ನ ಕೈಯನ್ನು ನಾನೇ ನಂಬದಂತಾದೆ. ಮನೆಯಲ್ಲಿ ಚಹಾಕ್ಕೆ ಸಕ್ಕರೆ ಹಾಕುವಾಗಲೂ ಚಮಚವನ್ನು ಎರಡು ಸಲ ನೋಡುತ್ತಿದ್ದೆ. ಗಡಿಯಾರದವನು ಸಮಾಧಾನ ಮಾಡಿದ. ಯಾರ ಕೈಯಾದರೂ ತಪ್ಪುತ್ತದೆ ಎಂದ. ತಾನು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗಾಜನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಿಸಿದ. ಅವನ ಬೆರಳು ನನ್ನ ಬೆರಳ ಮೇಲೆ ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತೇ ಇತ್ತು. ಆ ದಿನವೆಲ್ಲ ನಾನು ಪಂಕ್ಚರ್ ಟ್ಯೂಬುಗಳ ನಡುವೆ ನಗುತ್ತಾ ಕೂತಿದ್ದೆ, ಹುಚ್ಚಿಯ ಹಾಗೆ.

ಮುಂದಿನ ವಾರ ಕಾರು ಮತ್ತೆ ಬಂತು. ಅವನು ಬಿಟ್ಟು ಹೋದ. ಮಾವ ಊಟಕ್ಕೆ ಹೋದದ್ದೇ ತಡ, ನಾನು ಪೆಟ್ಟಿಗೆಯಿಂದ ನನ್ನ ಇಕ್ಕಳ ತೆಗೆದುಕೊಂಡು ಎಂಜಿನ್ ಮುಂದೆ ನಿಂತೆ. ಪ್ಲಗ್ಗುಗಳ ತುಂಬ ಒಣ ಮಸಿ, ಪೆಟ್ರೋಲ್ ಹೆಚ್ಚಾದ ಗುರುತು. ಗಾಳಿ ತಡೆಯುವ ಚೋಕ್ ಪೂರ್ತಿ ತೆರೆದಿತ್ತು. ಗಾಳಿ ಫಿಲ್ಟರ್ ಸ್ವಚ್ಛ. ಫ್ಲೋಟ್ ಬಿಚ್ಚಿ ಕಿವಿಯ ಬಳಿ ಅಲ್ಲಾಡಿಸಿದೆ. ತೂತಾಗಿ ಒಳಗೆ ಪೆಟ್ರೋಲ್ ಸೇರಿರಲಿಲ್ಲ. ಸೂಜಿಯೂ ಸರಿಯಾಗಿ ಕೂರುತ್ತಿತ್ತು. ಉಳಿದದ್ದು ಆ ನಾಲಿಗೆ ಒಂದೇ. ಭೂತಗಾಜನ್ನು ಕಣ್ಣಿಗೆ ಸಿಕ್ಕಿಸಿಕೊಂಡೆ.

ನನ್ನ ಇಕ್ಕಳಕ್ಕೆ ಹಲ್ಲಿದೆ. ಅದು ಹಿಡಿದಲ್ಲೆಲ್ಲ ಹಿತ್ತಾಳೆಯ ಮೇಲೆ ಸಣ್ಣ ಗೀರು ಮೂಡುತ್ತದೆ. ಆ ಗೀರುಗಳು ಅಲ್ಲೇ ಇದ್ದವು. ಆದರೆ ಅವುಗಳಿಗಿಂತ ತುಸು ಆಚೆ ಇನ್ನೊಂದು ಬಾಗು ಇತ್ತು. ನುಣ್ಣಗೆ, ಗೀರಿಲ್ಲದೆ, ಉಗುರಿನ ಅಂಚಿನಷ್ಟು ಅಚ್ಚುಕಟ್ಟು. ಹಲ್ಲಿಲ್ಲದ ಇಕ್ಕಳ ಹಿಡಿಯುವವರು ಯಾರು? ಗಡಿಯಾರದ ಚಕ್ರಕ್ಕೆ ಗೀರು ಬೀಳಬಾರದಲ್ಲ.

ಉಂಡ ಮನೆಯ ಜಂತೆ ಎಣಿಸುವವರ ಬಗ್ಗೆ ಕೇಳಿದ್ದೆ. ಇವನು ನಾನು ಕಲಿಸಿದ್ದನ್ನೇ ಕಲಿತು ನನ್ನ ಕೈ ಮುರಿದಿದ್ದ.

ಸಂಜೆ ಬಂದವನ ಮುಂದೆ ಫ್ಲೋಟ್ ಹಿಡಿದೆ. "ಈ ಗೀರು ನನ್ನದು. ಈ ಬಾಗು ಯಾರದ್ದು?"

ಅವನು ನೋಡಿದ. ಆ ಕಣ್ಣಿಗೆ ಗಾಜು ಬೇಕಾಗಲಿಲ್ಲ.

"ಕಾರು ಸರಿಹೋದ್ರೆ ನಾನು ಯಾವ ನೆಪದಲ್ಲಿ ಬರೋದು ಅನ್ನಿಸ್ತು," ಎಂದ.

"ನೆಪ ಇಲ್ದೇನೇ ಬರಬಹುದಿತ್ತು. ಕಾಯ್ತಾ ಇದ್ದೆ."

"ನಿಮ್ಮ ಬೆಂಚು ಹೋಗುತ್ತೆ ಅಂತ ಗೊತ್ತಿರ್ಲಿಲ್ಲ."

"ಹೋದ್ಮೇಲೆ ಗೊತ್ತಿತ್ತಲ್ಲ. ಆಮೇಲೂ ಬಗ್ಗಿಸಿದ್ರಿ."

ಹೇಳಿದರೆ ನಾನು ಮುಖ ತಿರುಗಿಸುತ್ತೇನೆ ಎಂಬ ಭಯವಿತ್ತು, ಇದೇ ಕೊನೆಯ ಸಲ ಎಂದು ಪ್ರತಿ ಸಲವೂ ಅಂದುಕೊಂಡೆ ಎಂದೆಲ್ಲ ತಡವರಿಸಿದ. ನಾನು ಅವನ ತೋಳು ಹಿಡಿದು ಮಾವನ ಮುಂದೆ ನಿಲ್ಲಿಸಿದೆ. ಒಂದಕ್ಷರ ಬಿಡದೆ ಹೇಳಿದ, ಅಷ್ಟರ ಮಟ್ಟಿಗೆ ಗಂಡಸು. ಮಾವ ಕೈ ಒರೆಸಿಕೊಳ್ಳುತ್ತಾ ಕೇಳಿದ. ಕೊನೆಗೆ ನನ್ನ ಇಕ್ಕಳವನ್ನು ಬೆಂಚಿನ ಮೇಲೆ, ಅದರ ಹಳೇ ಜಾಗದಲ್ಲಿ ಇಟ್ಟು, "ಕಾರ್ಬುರೇಟರ್ ನೀನೇ ಕೂರ್ಸು," ಎಂದ. ನಮ್ಮ ಮಾವನ ಬಾಯಲ್ಲಿ ಕ್ಷಮೆ ಎಂದರೆ ಅಷ್ಟೇ.

ನಾಲಿಗೆ ಸರಿಮಾಡಿ, ಮಟ್ಟ ನೋಡಿ ಕೂರಿಸಿದೆ. ಎರಡನೇ ಸಲ ನೋಡಲಿಲ್ಲ. ಎಂಜಿನ್ ಹತ್ತಿಕೊಂಡಿತು. ಕೆಮ್ಮಿಲ್ಲ, ವಾಸನೆಯಿಲ್ಲ.

"ನಿಮ್ಮನ್ನ ಇಷ್ಟಪಟ್ಟಿದ್ದು ಸುಳ್ಳಲ್ಲ," ಎಂದ ಅವನು, ಕಿಟಕಿಯೊಳಗಿಂದ.

"ಗೊತ್ತು. ಅದಕ್ಕೇ ಇಷ್ಟು ಉರೀತಿರೋದು." ಭೂತಗಾಜನ್ನು ಅವನ ಪಕ್ಕದ ಸೀಟಿನ ಮೇಲಿಟ್ಟೆ.

"ಇನ್ನು ಬರಬಾರ್ದಾ?"

"ಕಾರು ಬರಬೇಕಾಗಿಲ್ಲ."

ಅವನು ಹೊರಟ. ನಾನು ಬಾಗಿಲಲ್ಲಿ ನಿಂತು ನೋಡಿದೆ. ತಿರುವಿನಲ್ಲಿ ಗೇರ್ ಬದಲಿಸುವಾಗ ಆ ಕಾರು ಯಾವಾಗಲೂ ಒಮ್ಮೆ ಹೊಗೆಯುಗುಳುತ್ತಿತ್ತು. ಇವತ್ತು ಬರೀ ಗಾಳಿ. ನನ್ನ ಕೈ ಯಾವತ್ತೂ ತಪ್ಪಿರಲಿಲ್ಲ, ಅದು ಈಗ ಬೀದಿಗೆಲ್ಲ ಗೊತ್ತಾಯಿತು. ಕಾರು ಮರೆಯಾಗುವವರೆಗೂ ನಾನು, ನಾಚಿಕೆಯಿಲ್ಲದವಳು, ಒಂದೇ ಒಂದು ಎಳೆ ಕಪ್ಪು ಹೊಗೆಗಾಗಿ ಕಾದೆ.