ದೀಪ ಇಳಿಯದ ಬ್ಯಾಟರಿ

ಬ್ಯಾಟರಿಯ ಮೂರು ದೀಪ ಉರಿಯುತ್ತಿರುವಾಗಲೇ ಗಾಲಿಕುರ್ಚಿ ನಿಂತುಬಿಟ್ಟಿತು.

ಕವನಾಗೆ ನಂಬಲಿಕ್ಕೇ ಆಗಲಿಲ್ಲ. ಈಗ ತಾನೇ ನೋಡಿದ್ದಳು, ಮೂರು ದೀಪ ಇದ್ದವು. ಜಾಯ್‌ಸ್ಟಿಕ್ಕನ್ನು ಇನ್ನೊಂದು ಸಲ ಮುಂದಕ್ಕೆ ತಳ್ಳಿದಳು. ಕುರ್ಚಿ ಗುರ್ ಅಂದು ಸುಮ್ಮನಾಯಿತು. ಮೂರು ದೀಪ ಹೋಗಿ ಒಂದು ಕೆಂಪು ದೀಪ ಮಿಣಮಿಣ ಅಂದಿತು. ಆಮೇಲೆ ಅದೂ ಆರಿತು.

ಜಿನನಾಥಪುರಕ್ಕೆ ಹೋಗುವ ರಸ್ತೆಯ ಏರು ಅದು. ಶ್ರವಣಬೆಳಗೊಳದ ಸ್ಕೂಲು ಹಿಂದೆ ಉಳಿದಿತ್ತು. ಮನೆ ಇನ್ನೂ ದೂರವಿತ್ತು.

ಹಿಂದಿನಿಂದ ನಂಜಮ್ಮಜ್ಜಿ ಸ್ಕೂಲ್ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು ಬರುತ್ತಿದ್ದರು. ದಿನಾ ಹೀಗೇ. ಕವನಾ ಫುಲ್ ಸ್ಪೀಡಲ್ಲಿ ಮುಂದೆ ಹೋಗಿ, ತಿರುವಿನಲ್ಲಿ ಕಾಯುತ್ತಾಳೆ. ಅಜ್ಜಿ ಬಿರಬಿರನೆ ಹೆಜ್ಜೆ ಹಾಕಿ ಬಂದು ಸೇರಿಕೊಳ್ಳುತ್ತಾರೆ. ಅಷ್ಟರಲ್ಲಿ ಕವನಾ ಮತ್ತೆ ಮುಂದೆ.

"ಇವತ್ತೇನವ್ವ, ಇಲ್ಲೇ ಕಾಯ್ತಿದ್ದೀಯ?" ಅಂದರು ಅಜ್ಜಿ.

"ಕಾಯ್ತಿಲ್ಲಜ್ಜಿ. ನಿಂತೋಯ್ತು."

ಅಜ್ಜಿ ಕುರ್ಚಿ ಹಿಂದಕ್ಕೆ ಜಾರಬಾರದೆಂದು ಚಕ್ರದ ಹಿಂದೆ ಒಂದು ಕಲ್ಲಿಟ್ಟರು. ಆಮೇಲೆ ಬಗ್ಗಿ, ಮೋಟರ್ ಹತ್ತಿರದ ಎರಡೂ ಲಿವರ್ ತಿರುಗಿಸಿದರು. ಹಾಗೆ ಮಾಡಿದರೆ ಚಕ್ರ ಬಿಡುಗಡೆಯಾಗಿ, ಕೈಯಿಂದ ತಳ್ಳಬಹುದು. ಹಳೇ ಬ್ಯಾಟರಿ ಇದ್ದಾಗ ಈ ಕೆಲಸ ಅಜ್ಜಿಗೆ ಅಭ್ಯಾಸವಾಗಿಬಿಟ್ಟಿತ್ತು.

ಕವನಾ ಆರನೇ ಕ್ಲಾಸು. ಹುಟ್ಟಿದಾಗಿನಿಂದ ಅವಳ ಕಾಲಿನಲ್ಲಿ ಬಲ ಕಡಿಮೆ. ಮೋಟರ್ ಕುರ್ಚಿ ಬರುವ ಮೊದಲು ಅವಳು ಆಟೋದಲ್ಲಿ ಸ್ಕೂಲಿಗೆ ಹೋಗುತ್ತಿದ್ದಳು. ಆಟೋಗೆ ಯಾರಾದರೂ ಎತ್ತಿ ಕೂರಿಸಬೇಕು, ಮತ್ತೆ ಎತ್ತಿ ಇಳಿಸಬೇಕು. ಕ್ಲಾಸಿನಲ್ಲಿ ಕೂರಿಸಿ ಹೋದರೆ ಸಂಜೆವರೆಗೂ ಅಲ್ಲೇ. ಕುರ್ಚಿ ಬಂದ ಮೇಲೆ ಅವಳೇ ಗೆಳತಿ ತೇಜಶ್ರೀಯ ಬೆಂಚಿನ ಹತ್ತಿರ ಹೋಗಬಹುದು, ಬೇಡ ಅನ್ನಿಸಿದರೆ ಅಲ್ಲಿಂದ ವಾಪಸ್ ಬರಲೂಬಹುದು.

ಹಳೇ ಬ್ಯಾಟರಿ ಆಗಾಗ ದಾರಿಯಲ್ಲಿ ಕೈಕೊಡುತ್ತಿತ್ತು. ಹೊಸ ಲಿಥಿಯಂ ಬ್ಯಾಟರಿ ಹಾಕಿಸಿದ ದಿನವೇ ಅಮ್ಮ ಹೇಳಿದ್ದರು, ಇನ್ನೂ ದಾರಿಯಲ್ಲಿ ನಿಲ್ಲುವುದಾದರೆ ಮತ್ತೆ ಆಟೋನೇ ಎಂದು.

ಅಜ್ಜಿ ತಳ್ಳಿದರು. ಏರು ಹತ್ತುವಾಗ ಅವರ ಉಸಿರು ಕವನಾಳ ಕಿವಿಯ ಹತ್ತಿರವೇ ಕೇಳಿಸುತ್ತಿತ್ತು. ಹಸ್... ಹಸ್... ಎಂದು, ಒಣ ತೆಂಗಿನ ಗರಿ ಎಳೆದ ಹಾಗೆ. ಇಷ್ಟು ಹತ್ತಿರದಿಂದ ಅವಳು ಅದನ್ನು ಕೇಳಿರಲಿಲ್ಲ.

"ಸಾಕಾಯ್ತಾ ಅಜ್ಜಿ?"

"ಏನಿಲ್ಲ ಕಣವ್ವ. ನೀನು ನೆಟ್ಟಗೆ ಕೂತ್ಕೊ."

ಕವನಾ ತಿರುಗಿ ನೋಡಿದಳು. ಅಜ್ಜಿಯ ಮುಖ ಯಾವಾಗಲೂ ಇರುವ ಹಾಗೇ ಇತ್ತು, ನಗುನಗುತ್ತ.

ಏರು ಮುಗಿಯುವಷ್ಟರಲ್ಲಿ ಹಿಂದಿನಿಂದ ಅಮ್ಮನ ಸ್ಕೂಟಿ ಬಂತು. ಅಮ್ಮ ಹಾಲಿನ ಡೈರಿಯಲ್ಲಿ ಕೆಲಸ ಮಾಡುತ್ತಾರೆ. ಅವರು ಸ್ಕೂಟಿಯನ್ನು ರಸ್ತೆ ಪಕ್ಕ ನಿಲ್ಲಿಸಿ, ಅಜ್ಜಿಯ ಕೈಯಿಂದ ಕುರ್ಚಿ ತೆಗೆದುಕೊಂಡು, ಮನೆವರೆಗೂ ದಾಪುಗಾಲು ಹಾಕಿ ತಳ್ಳಿದರು. ಬೈದಿದ್ದರೇ ವಾಸಿಯಿತ್ತು ಅನ್ನಿಸಿತು ಕವನಾಗೆ.

ಮನೆಯಲ್ಲಿ ಅಮ್ಮ ಮೊದಲು ಮಾಡಿದ ಕೆಲಸ ಭರತೇಶನಿಗೆ ಫೋನ್. ಚನ್ನರಾಯಪಟ್ಟಣದಲ್ಲಿ ಅವನ ಬ್ಯಾಟರಿ ಅಂಗಡಿ. ಹೊಸ ಬ್ಯಾಟರಿ ಹಾಕಿಕೊಟ್ಟವನು ಅವನೇ. ಮೂರು ದೀಪ ಇದ್ದ ಹಾಗೇ ನಿಂತಿದೆ, ಎಂಥಾ ಬ್ಯಾಟರಿ ಕೊಟ್ಟಿದ್ದೀರಿ ಎಂದು ಅಮ್ಮ ಜೋರಾಗಿಯೇ ಕೇಳಿದರು. ಚಾರ್ಜಿಗೆ ಹಾಕಿ ಎಷ್ಟು ದಿನ ಆಯಿತು ಎಂದು ಅವನು ತಿರುಗಿ ಕೇಳಿದ.

ಅಮ್ಮ ಕವನಾಳ ಮುಖ ನೋಡಿದರು.

ಕವನಾ ಮೆಲ್ಲಗೆ ಎಲ್ಲ ಹೇಳಿದಳು. ಹಳೇ ಬ್ಯಾಟರಿಯ ದೀಪ ಒಂದೊಂದಾಗಿ ಇಳಿಯುತ್ತಿತ್ತು. ಸಂಜೆಗೆ ಎರಡೋ ಮೂರೋ ಉಳಿಯುತ್ತಿದ್ದವು, ರಾತ್ರಿ ಚಾರ್ಜಿಗೆ ಹಾಕುತ್ತಿದ್ದಳು. ಹೊಸದರ ದೀಪ ಇಳಿಯುತ್ತಲೇ ಇರಲಿಲ್ಲ. ಸೋಮವಾರ ಐದು, ಮಂಗಳವಾರವೂ ಐದು. ಅದಕ್ಕೇ ಚಾರ್ಜಿಗೆ ಹಾಕಿರಲಿಲ್ಲ. ಇವತ್ತು ಊಟದ ಬೆಲ್ ಆದ ಮೇಲೆ ತೇಜಶ್ರೀಯನ್ನು ಹಿಂದೆ ನಿಲ್ಲಿಸಿಕೊಂಡು ಗ್ರೌಂಡಿನಲ್ಲಿ ರೌಂಡ್ ಹೊಡೆದಿದ್ದಳು. ಆಮೇಲೆ ಕ್ಲಾಸಿನ ಅರ್ಧ ಜನರನ್ನೂ ಹಾಗೇ ಸುತ್ತಾಡಿಸಿದ್ದಳು.

ಸ್ಪೀಕರಿನಲ್ಲಿ ಭರತೇಶನ ನಗು ಕೇಳಿಸಿತು.

"ನಿಮ್ಮನೆ ಗ್ಯಾಸ್ ಸಿಲಿಂಡರ್ ನೋಡಿದೀಯಲ್ಲ ಪುಟ್ಟಿ? ಕೊನೇವರೆಗೂ ಉರಿ ಒಂದೇ ಥರ ಇರುತ್ತೆ. ಖಾಲಿಯಾಗೋವಾಗ ಪಕ್ಕಂತ ಆರೋಗುತ್ತೆ. ಉರಿ ನೋಡ್ಕೊಂಡು ಗ್ಯಾಸ್ ಎಷ್ಟಿದೆ ಅಂತ ಹೇಳಕ್ಕಾಗುತ್ತಾ? ಈ ಬ್ಯಾಟರೀನೂ ಹಂಗೇ. ಆ ದೀಪ ಹಳೇ ಬ್ಯಾಟರಿಗೆ ಅಂತ ಮಾಡಿರೋದು, ಅದನ್ನ ನಂಬಬೇಡ."

ಬ್ಯಾಟರಿಯ ನಿಜವಾದ ಲೆಕ್ಕ ಫೋನಿನಲ್ಲಿ ಸಿಗುತ್ತದೆ ಎಂದು ಅವನು ಹೇಳಿದ. ಅಮ್ಮನ ಹಳೇ ಫೋನಿಗೆ ಒಂದು ಆ್ಯಪ್ ಹಾಕಿಸಿದ. ಬ್ಯಾಟರಿ ಎಷ್ಟು ಪರ್ಸೆಂಟ್ ಉಳಿದಿದೆ ಎಂದು ಅದು ತೋರಿಸುತ್ತದೆ. ಪೂರ್ತಿ ಖಾಲಿ ಮಾಡಬಾರದು, ಯಾವಾಗಲೂ ಮನೆಗೆ ಬರುವಷ್ಟನ್ನು ಇಟ್ಟುಕೊಂಡೇ ಓಡಿಸಬೇಕು ಎಂದ. ಚಕ್ರದ ಗಾಳಿ ಕಡಿಮೆಯಿದ್ದರೂ, ಏಕ್‌ದಂ ಸ್ಪೀಡ್ ತೆಗೆದರೂ ಬ್ಯಾಟರಿ ಬೇಗ ಕರಗುತ್ತದಂತೆ.

ಅಮ್ಮ ಆ ಫೋನನ್ನು ಕವನಾಳ ಕೈಗಿಟ್ಟರು. "ಒಂದು ವಾರ ನೋಡ್ತೀನಿ," ಅಂದರು.

ಆ ವಾರ ಕವನಾಗೆ ಬೇರೆ ಆಟವೇ ಬೇಡವಾಯಿತು. ಫೋನನ್ನು ಕುರ್ಚಿಯ ಕೈಗೆ ರಬ್ಬರ್ ಬ್ಯಾಂಡಿನಿಂದ ಕಟ್ಟಿಕೊಂಡಳು. ಮೊದಲ ದಿನ ಎಂದಿನ ಸ್ಪೀಡಿನಲ್ಲೇ ಹೋದಳು. ಸ್ಕೂಲು ಬರುವಷ್ಟರಲ್ಲಿ ಅಂಕಿ ಎಷ್ಟೊಂದು ಇಳಿದಿತ್ತು. ಸಂಜೆ ಸೈಕಲ್ ಪಂಪಿನಿಂದ ಚಕ್ರಕ್ಕೆ ಗಾಳಿ ಹೊಡೆಸಿದಳು. ಮಾರನೇ ದಿನ ಸ್ಪೀಡನ್ನು ಅರ್ಧಕ್ಕೆ ಇಳಿಸಿ, ಜಾಯ್‌ಸ್ಟಿಕ್ಕನ್ನು ಮೆಲ್ಲಗೆ ಒತ್ತಿದಳು. ಅದೇ ದಾರಿ, ಅದೇ ಏರು, ಆದರೆ ಅಂಕಿ ಅಷ್ಟು ಇಳಿದಿರಲಿಲ್ಲ. ಊಟದ ಬೆಲ್ ಆದ ಮೇಲೆ ತೇಜಶ್ರೀಗೆ ಅದನ್ನು ತೋರಿಸಿದಳು. ಹಾಗಾದರೆ ಇವತ್ತು ರೌಂಡ್ ಇಲ್ಲವಾ ಎಂದು ತೇಜಶ್ರೀ ಮುಖ ಸಣ್ಣ ಮಾಡಿಕೊಂಡಳು. ಕವನಾ ಲೆಕ್ಕ ಹಾಕಿ, ಒಂದೇ ಒಂದು ರೌಂಡ್ ಎಂದಳು. ಒಬ್ಬಳಿಗೆ ಮಾತ್ರ.

ಅರ್ಧ ಸ್ಪೀಡಿನಿಂದ ಇನ್ನೊಂದು ಬದಲಾವಣೆಯೂ ಆಯಿತು. ಅಜ್ಜಿ ಹಿಂದೆ ಬೀಳಲಿಲ್ಲ. ಪಕ್ಕದಲ್ಲೇ ನಡೆಯುತ್ತಿದ್ದರು. ದಾರಿಯುದ್ದಕ್ಕೂ ಏನಾದರೂ ಹೇಳುತ್ತಿದ್ದರು. ತಮ್ಮ ಕಾಲದಲ್ಲಿ ಈ ರಸ್ತೆಗೆ ಟಾರೇ ಇರಲಿಲ್ಲ ಎಂದು, ಚಿಕ್ಕಬೆಟ್ಟದ ಬಂಡೆಯ ಮೇಲೆ ಜಾರಿ ಲಂಗ ಹರಿದುಕೊಂಡು ಅವ್ವನ ಕೈಲಿ ಏಟು ತಿಂದಿದ್ದೆ ಎಂದು. ಅಜ್ಜಿಗೆ ಇಷ್ಟೊಂದು ಮಾತು ಬರುತ್ತದೆಂದು ಕವನಾಗೆ ಗೊತ್ತೇ ಇರಲಿಲ್ಲ.

ಪಕ್ಕದಲ್ಲಿದ್ದುದರಿಂದ ಬೇರೆಯದೂ ಕಾಣಿಸಿತು. ಏರು ಶುರುವಾದರೆ ಅಜ್ಜಿಯ ಮಾತು ನಿಲ್ಲುತ್ತಿತ್ತು. ಎಡಗಾಲು ಊರುವಾಗ ತುಟಿ ಕಚ್ಚುತ್ತಿದ್ದರು. ಕವನಾ ರಸ್ತೆ ಕಡೆ ನೋಡುತ್ತಿದ್ದಾಳೆ ಅನ್ನಿಸಿದಾಗ ಬಗ್ಗಿ ಮೊಣಕಾಲು ಒತ್ತಿಕೊಳ್ಳುತ್ತಿದ್ದರು.

"ಕಾಲು ನೋವಾ ಅಜ್ಜಿ?"

"ಏನಿಲ್ಲ ಕಣವ್ವ." ಅದೇ ನಗು.

ಬೆಳಿಗ್ಗೆ ಅವಳ ಜೊತೆ ಬಂದು, ಅಜ್ಜಿ ಒಬ್ಬರೇ ಮನೆಗೆ ಹೋಗುತ್ತಾರೆ. ಸಂಜೆ ಮತ್ತೆ ಒಬ್ಬರೇ ಬಂದು, ಅವಳ ಜೊತೆ ವಾಪಸ್ ನಡೆಯುತ್ತಾರೆ. ಕುರ್ಚಿ ಬಂದಾಗಿನಿಂದ ಹೀಗೇ. ತಾನು ಮುಂದೆ ಮುಂದೆ ಓಡಿಸಿಕೊಂಡು ಹೋಗಿ, ಬೇಗ ಬಾ ಅಜ್ಜಿ ಎಂದು ಕೂಗುತ್ತಿದ್ದುದು ಕವನಾಗೆ ನೆನಪಾಯಿತು. ಅವಳು ಸ್ಪೀಡನ್ನು ಇನ್ನೂ ಸ್ವಲ್ಪ ಇಳಿಸಿದಳು.

ವಾರ ಕಳೆದ ಮೇಲೆ ಶನಿವಾರ ಅಮ್ಮ ಫೋನ್ ಇಸಿದುಕೊಂಡು ನೋಡಿದರು. ವಾರದಲ್ಲಿ ಒಂದು ಸಲವೂ ಕುರ್ಚಿ ನಿಂತಿರಲಿಲ್ಲ. "ಆಯ್ತು, ಆಟೋ ಬೇಡ ಬಿಡು," ಅಂದು ಕವನಾಳ ಜಡೆಯನ್ನು ಮೆಲ್ಲಗೆ ಎಳೆದರು.

ಸೋಮವಾರ ಸಂಜೆ ಏರಿನ ಅರ್ಧದಲ್ಲಿ, ಮೋರಿ ಕಟ್ಟೆಯ ಹತ್ತಿರ, ಕವನಾ ಜಾಯ್‌ಸ್ಟಿಕ್ಕಿನಿಂದ ಕೈ ತೆಗೆದಳು.

"ಏನಾಯ್ತವ್ವ?" ಅಜ್ಜಿಗೆ ಗಾಬರಿ.

"ಮೋಟರ್ ಬಿಸಿಯಾಗಿದೆ ಅಜ್ಜಿ. ಸ್ವಲ್ಪ ಹೊತ್ತು ಬಿಟ್ಟು ಹೋಗ್ಬೇಕು. ನೀನು ಕಟ್ಟೆ ಮೇಲೆ ಕೂತ್ಕೊ."

ಅಜ್ಜಿಗೆ ಅಕ್ಷರ ಬಾರದು. ಅಂಕಿ ಬರುತ್ತಿತ್ತು. ಬಗ್ಗಿ ಫೋನ್ ನೋಡಿದರು. ಎಪ್ಪತ್ತು ಎಂದಿತ್ತು. ಮೋಟರ್ ಮೇಲೆ ಅಂಗೈ ಇಟ್ಟು ನೋಡಿದರು. ಅಂಥಾ ಬಿಸಿಯೇನೂ ಇರಲಿಲ್ಲ. ಕವನಾಳ ಮುಖವನ್ನೂ ಒಂದು ಗಳಿಗೆ ನೋಡಿದರು.

"ಊಂ, ಬಿಸಿ ಆಗೈತೆ," ಅಂದರು. ಕಟ್ಟೆಯ ಮೇಲೆ ಕೂತು, ಎಡಗಾಲನ್ನು ಉದ್ದಕ್ಕೆ ಚಾಚಿದರು.

ಕವನಾ ಕುರ್ಚಿಯನ್ನು ಅವರ ಪಕ್ಕಕ್ಕೆ ತಂದು ನಿಲ್ಲಿಸಿದಳು. ಹೊರಡೋಣ ಎಂದು ಅಜ್ಜಿಯೇ ಹೇಳಲಿ ಎಂದು ಕಾಯುತ್ತ ಕೂತಳು.