ಓಡೆಟ್‌ಳ ಕಾಣೆಯಾದ ರಿಬೌಂಡುಗಳು

"ಓಡೆಟ್ ಬೇಕೂಂತಲೇ ಪಂದ್ಯ ಸೋಲಿಸ್ತಿದ್ದಾಳೆ!"

ಕೋಚ್ ಲೀಲಂಡ್‌ನ ಕೂಗು ಖಾಲಿ ಬ್ಯಾಸ್ಕೆಟ್‌ಬಾಲ್ ಅಂಗಣದಲ್ಲಿ ತೇಲಿ ಮರಳಿತು. ಡುಲೂತ್‌ನ ಸರೋವರದಿಂದೆದ್ದ ಮಂಜು ಕಿಟಕಿಗಳಿಗೆ ಅಂಟಿಕೊಂಡಿತ್ತು. ಒಳಗೆಲ್ಲ ಹಾಲಿನಂಥ ಬೆಳಕು.

ತಂಡದ ಸೆಂಟರ್ ಓಡೆಟ್, ಆರಡಿ ಐದಂಗುಲದವಳು, ಬೆಂಚಿನ ಮೇಲೆ ತಲೆತಗ್ಗಿಸಿ ಕುಳಿತಿದ್ದಳು. ಬುಟ್ಟಿಗೆ ಬಡಿದು ಮರಳುವ ಚೆಂಡನ್ನು, ಅಂದರೆ ರಿಬೌಂಡನ್ನು, ಹಿಡಿಯುವುದು ಸೆಂಟರ್‌ನ ಮುಖ್ಯ ಕೆಲಸ. ಹೋದ ವರ್ಷ ಪಂದ್ಯಕ್ಕೆ ಹತ್ತು ರಿಬೌಂಡ್ ಹಿಡಿದವಳು ಈಗ ನಾಲ್ಕು ಹಿಡಿಯುತ್ತಿದ್ದಳು. ಆರೋಪ ನಿಜವಾದರೆ ಅವಳು ಮತ್ತೆಂದೂ ಆಡುವಂತಿರಲಿಲ್ಲ.

ತನಿಖೆಗೆ ಬಂದವಳು ಮಾರ್ಗಿಟ್, ಹಳೆಯ ಆಟಗಾರ್ತಿ. ಜೊತೆಗೆ ಅವಳ ಸಹಾಯಕ್ಕೆ ನಾನು.

"ಸೋಲು ಅಂತ ಯಾರಾದ್ರೂ ಹೇಳಿದ್ರಾ?" ಮಾರ್ಗಿಟ್ ಓಡೆಟ್‌ಳನ್ನು ಕೇಳಿದಳು.

"ಇಲ್ಲ."

"ಮತ್ತೆ ಚೆಂಡು ಯಾಕೆ ಹಿಡೀತಿಲ್ಲ?"

ಓಡೆಟ್ ಕೋಚ್ ಕಡೆ ಒಮ್ಮೆ ನೋಡಿ, ಬಗ್ಗಿ ಶೂ ಲೇಸು ಬಿಗಿದಳು.

ಆ ಚೆಂಡುಗಳೆಲ್ಲ ಈಗ ದೂರದಿಂದ ಚೆಂಡು ಹಂಚುವ ಪುಟ್ಟ ಗಾರ್ಡ್ ಟಮೀಕಾಳ ಪಾಲಾಗುತ್ತಿದ್ದವು.

"ಕದ್ದೆ ಅಂತೀರಾ?" ಟಮೀಕಾ ಸಿಡಿದಳು. "ಚೆಂಡು ತಾನಾಗೇ ಕೈಗೆ ಬರುತ್ತೆ. ಬೇಡ ಕಣಪ್ಪಾ, ಹೋಗು ಅನ್ಲಾ?"

ನಾವು ಪಂದ್ಯಗಳ ವಿಡಿಯೊ ಹಾಕಿ, ಸದ್ದು ಅಡಗಿಸಿ ನೋಡಿದೆವು. ಹುಡುಗಿಯರು ನೀರಿನಡಿ ಈಜುವವರಂತೆ ಎದ್ದು, ತೇಲಿ, ಇಳಿಯುತ್ತಿದ್ದರು. ನನಗೆ ಕಣ್ಣು ಎಳೆಯುತ್ತಿತ್ತು.

"ಚೆಂಡು ಬಿಡು," ಮಾರ್ಗಿಟ್ ಪಿಸುಗುಟ್ಟಿದಳು. "ಅವಳ ಪಾದ ನೋಡು."

ಆಮೇಲೆ ಎಲ್ಲರನ್ನೂ ಕರೆಸಿದಳು.

"ದಾಳಿಗೆ ಹೋದಾಗ ಓಡೆಟ್ ಬುಟ್ಟಿ ಹತ್ರ ಇಲ್ಲ. ದೂರದ ಕಮಾನು ಗೆರೆಯಾಚೆ ನಿಂತು ಬೇರೆಯವರಿಗೆ ಚೆಂಡು ಹಂಚ್ತಾಳೆ. ಅವಳ ಅಸಿಸ್ಟು, ಅಂದ್ರೆ ಬೇರೆಯವರಿಗೆ ಅಂಕ ತಂದ ಪಾಸು, ಪಂದ್ಯಕ್ಕೆ ಒಂದರಿಂದ ಆರಕ್ಕೆ ಏರಿದೆ, ಯಾರೂ ನೋಡಲಿಲ್ಲ. ಈ ಕಡೆ ಬುಟ್ಟಿ ಕಾಯುವಾಗ ಎದುರಾಳಿಯ ಎತ್ತರದವಳನ್ನ ಬೆನ್ನಲ್ಲಿ ತಡೆದು ಹಿಡೀತಾಳೆ. ಅದಕ್ಕೇ ಚೆಂಡು ಟಮೀಕಾಗೆ ಬರೋದು. ಗಾರ್ಡ್ ಕೆಲಸ ಮಾಡಿಸಿ ಸೆಂಟರ್ ಲೆಕ್ಕದಲ್ಲಿ ಅಳೆದ್ರೆ ಯಾವಳು ಉಳೀತಾಳೆ? ಅವಳನ್ನ ಅಲ್ಲಿ ನಿಲ್ಲಿಸಿದ್ದು ಯಾರು — ಲೀಲಂಡ್?"

ಕೋಚ್ ಮಂಜಿನ ಕಡೆ ತಿರುಗಿದ.

"ಎದುರು ತಂಡಕ್ಕೆ ಗೊತ್ತಾಗ್ಬಾರ್ದು, ಯಾರಿಗೂ ಹೇಳ್ಬೇಡ ಅಂದಿದ್ರು," ಓಡೆಟ್ ಮೆಲ್ಲನೆ ಅಂದಳು. "ಮಾತು ಕೊಟ್ಟಿದ್ದೆ."

"ಗೆದ್ದಿದ್ರೆ ನನ್ನ ಉಪಾಯ ಅಂತಿದ್ದೆ," ಲೀಲಂಡ್‌ನ ದನಿ ಕುಸಿಯಿತು. "ಸೋತ್ವಲ್ಲ... ಹೆದರಿದೆ. ಅವಳ ಮೇಲೆ ಹಾಕ್ದೆ."

ಅವನು ಹೊರಟುಹೋದ ಮೇಲೆ ಟಮೀಕಾ ಚೆಂಡೆಸೆದಳು. "ಈಗ ಹೇಳೇ ಎತ್ತರದವಳೇ, ಎಲ್ಲಿ ಆಡ್ತೀಯಾ?"

ಓಡೆಟ್ ಬುಟ್ಟಿಯ ಕಡೆ ನೋಡಿದಳು. ಕಣ್ಣೊರೆಸಿಕೊಂಡಳು. ನಂತರ ನಿಧಾನವಾಗಿ ಕಮಾನು ಗೆರೆಯಾಚೆ ನಡೆದು, ಅಲ್ಲೇ ನಿಂತಳು.

"ಇಲ್ಲಿಂದ ಎಲ್ರೂ ಕಾಣ್ತಾರೆ ಕಣೇ," ಅಂದಳು.