ಲಾಬಿಯಲ್ಲಿದ್ದ ಬೋರಿಂಗು

೨೦೦೮ರ ಮೇ ತಿಂಗಳ ಒಂದು ಮಂಗಳವಾರ. ಬೆಳಿಗ್ಗೆ ಸ್ಟಾಕ್‌ಹೋಮ್‌ನ ಠಾಣೆಗೆ ಬಂದ ದೂರನ್ನು ಓದಿ ಇನ್ಸ್‌ಪೆಕ್ಟರ್ ಪಾವನಾಗೆ ನಗು ತಡೆಯಲಾಗಲಿಲ್ಲ. ಕಾಂಗೋದಲ್ಲಿ ತಾಮ್ರದ ಗಣಿ ನಡೆಸುವ ಕಂಪನಿಯೊಂದರ ಕಚೇರಿಯ ಲಾಬಿಯಿಂದ ಕೈಪಂಪು ಕಳುವಾಗಿತ್ತು. ಅದೂ ಹಿಂದಿನ ದಿನ ಹಾಡಹಗಲಲ್ಲಿ, ಎಲ್ಲರೂ ಫೀಕಾ ಎಂಬ ಸ್ವೀಡಿಶ್ ವಿರಾಮಕ್ಕೆಂದು ಕಾಫಿ ಹಿಡಿದು ಕೂತಿದ್ದಾಗ.

ದೂರು ದಾಖಲಿಸಿಕೊಂಡು, ಕಾನ್‌ಸ್ಟೇಬಲ್ ಲಾರ್ಶ್‌ನೊಂದಿಗೆ ಅವಳು ಸ್ಥಳ ಪಂಚನಾಮೆಗೆ ಹೊರಟಳು.

ಲಾಬಿಯ ಗೋಡೆಯ ಮೇಲೆ ನಗುವ ಮಕ್ಕಳ ದೊಡ್ಡ ಫೋಟೊ. ಕೆಳಗೆ ‘ನಮ್ಮ ಗಣಿ, ಅವರ ನೀರು’ ಎಂಬ ಬರಹ. ಪಂಪಿದ್ದ ಜಾಗದಲ್ಲಿ ಕೊಳವೆಯ ಗುರುತು, ಪಕ್ಕದಲ್ಲಿ ಒಂದು ಹಿತ್ತಾಳೆ ಫಲಕ, ‘ಬಿಡಿ ವಾಷರ್‌ಗಳು’ ಎಂಬ ಚೀಟಿಯ ಖಾಲಿ ಗಾಜಿನ ಪೆಟ್ಟಿಗೆ. ಫಲಕದ ಮೇಲಿದ್ದ ಪಂಪಿನ ಚಿತ್ರ ನೋಡಿದ ಕೂಡಲೇ ಪಾವನಾಗೆ ಗುರುತು ಸಿಕ್ಕಿತು. ಬೆಳೆದದ್ದು ಸ್ವೀಡನ್ನಿನಲ್ಲೇ ಆದರೂ, ರಜೆಯಲ್ಲಿ ತುಮಕೂರಿನ ಅಜ್ಜಿಯ ಬೀದಿಯಲ್ಲಿ ಇಂಥದೇ ಬೋರಿಂಗಿಗೆ ಜೋತುಬಿದ್ದು ಬೈಸಿಕೊಂಡವಳು ಅವಳು.

“ಯಾರು ಒಯ್ದರು?” ಸ್ವಾಗತಕಾರಿಣಿಯನ್ನು ಕೇಳಿದಳು.

“ಸಾಗಣೆ ಕಂಪನಿಯ ಇಬ್ಬರು. ರಿಪೇರಿಗೆ ಅಂದರು. ಭಾರ ಇತ್ತಲ್ಲ, ಪಾಪ ಅಂತ ಬಾಗಿಲು ಹಿಡಿದುಕೊಂಡೆ. ಒಂದೊಂದು ಬನ್ನೂ ಕೊಟ್ಟೆ.”

“ಗುಜರಿ ಕಳ್ಳರು,” ಎಂದ ಲಾರ್ಶ್.

ಪಾವನಾ ಅಲ್ಲವೆಂದು ತಲೆಯಾಡಿಸಿದಳು. “ಗುಜರಿಯವನಾದರೆ ಆ ಹಿತ್ತಾಳೆ ಫಲಕ ಬಿಡ್ತಿದ್ದನಾ? ಇವನು ಫಲಕ ಬಿಟ್ಟು, ಗಾಜಿನ ಪೆಟ್ಟಿಗೆಯಲ್ಲಿದ್ದ ರಬ್ಬರ್ ವಾಷರ್‌ ತಗೊಂಡು ಹೋಗಿದ್ದಾನೆ. ನೀರೆತ್ತೋ ಯೋಚನೆ ಇದ್ದವನು.”

ಕಂಪನಿಯ ನಿರ್ದೇಶಕ ಯೋರಾನ್‌ನನ್ನು ಕೇಳಿದಳು: “ಕಾಂಗೋದಲ್ಲಿ ಕೆಲಸ ಮಾಡಿ ಬಂದವರು ಇಲ್ಲಿ ಯಾರಿದ್ದಾರೆ?”

“ನಂದಕುಮಾರ, ನಮ್ಮ ಎಂಜಿನಿಯರ್. ನಿನ್ನೆಯಿಂದ ರಜೆಯಲ್ಲಿದ್ದಾನೆ.”

“ಈ ಫೋಟೊದ ಮಕ್ಕಳ ಹಳ್ಳಿಯಲ್ಲಿ ಇಂಥ ಪಂಪು ಹಾಕಿದ್ದೀರಾ?”

ಯೋರಾನ್ ಫೋಟೊದ ಕಡೆ ನೋಡಿದ.

ಸಾಗಣೆ ಕಂಪನಿಗೆ ಲಾರ್ಶ್ ಫೋನ್ ಮಾಡಿದ. ಮಾಲು ಹೆಲ್ಸಿಂಗ್‌ಬೋರ್ಯ್ ಬಂದರಿನ ಗೋದಾಮಿಗೆ ಇಳಿದಿತ್ತು. ಇಬ್ಬರೂ ರೈಲು ಹತ್ತಿದರು.

ಗೋದಾಮಿನಲ್ಲಿ ನಡುವಯಸ್ಸಿನ ಒಬ್ಬಾತ ಅಂಗಿಯ ತೋಳು ಮಡಚಿ, ಪಂಪಿನ ಸರಪಳಿಗೆ ಗ್ರೀಸ್ ಹಚ್ಚುತ್ತಿದ್ದ. ಗುರುತಿನ ಚೀಟಿ ತೋರಿಸಿದರೆ ಬೆದರಲಿಲ್ಲ. ಚೀಟಿಯ ಮೇಲಿನ ಹೆಸರು ಓದಿ ಮುಖ ಅರಳಿತು.

“ಕನ್ನಡದವರಾ ಮೇಡಂ?”

“ಹೌದು ಸರ್. ನಿಮ್ಮನ್ನ ಅರೆಸ್ಟ್ ಮಾಡ್ಬೇಕು.”

“ಮಾಡಿ, ಮಾಡಿ. ಈ ಬೋಲ್ಟ್ ಒಂದು ಟೈಟ್ ಮಾಡ್ಬಿಡ್ಲಾ?”

“ಬೇಡ ಸರ್. ಅದು ಎವಿಡೆನ್ಸ್.”

ವಿಚಾರಣೆಯಲ್ಲಿ ನಂದಕುಮಾರ ಏನನ್ನೂ ಮುಚ್ಚಿಡಲಿಲ್ಲ.

“ಈ ಪಂಪು ಆ ಹಳ್ಳಿಗೆ ಅಂತಲೇ ತರಿಸಿದ್ದು ಮೇಡಂ. ಫೋಟೊ ತೆಗೆಯೋಕೆ ಲಾಬಿಯಲ್ಲಿ ನಿಲ್ಲಿಸಿದರು, ಅಲ್ಲೇ ಉಳೀತು. ಬೋರ್ ಕೊರೆದು ಎರಡು ವರ್ಷ ಆಯ್ತು, ಬಾಯಿಗೆ ಮುಚ್ಚಳ ಹಾಕಿದೆ. ಹೆಂಗಸರು ಇನ್ನೂ ಹಳ್ಳದ ನೀರೇ ಹೊರ್ತಾ ಇದ್ದಾರೆ.”

“ಆಫೀಸಲ್ಲಿ ಹೇಳಲಿಲ್ವಾ?”

“ಪ್ರತಿ ಮೀಟಿಂಗಲ್ಲೂ ಹೇಳಿದೆ. ಪ್ರತಿ ಸಲವೂ ಒಳ್ಳೆ ಪಾಯಿಂಟ್ ಅಂದರು.”

ಪಾವನಾ ನಗು ನುಂಗಿಕೊಂಡಳು. “ಆದ್ರೂ ಕಳ್ಳತನ ಯಾಕೆ ಸರ್? ನಿಮ್ಮ ಕೆಲಸ ಹೋಗಬಹುದು.”

ಅವನು ಕೈಗೆ ಮೆತ್ತಿದ್ದ ಗ್ರೀಸನ್ನು ನಿಧಾನವಾಗಿ ಒರೆಸಿಕೊಂಡ.

“ಆ ಹಳ್ಳಿಯ ಸಭೆಯಲ್ಲಿ ಕಂಪನಿಯವರು ಪಂಪು ಹಾಕಿಸ್ತೀವಿ ಅಂತ ಇಂಗ್ಲಿಷಲ್ಲಿ ಮಾತು ಕೊಟ್ಟರು. ಸ್ವಾಹಿಲಿ ಬರ್ತಿದ್ದವನು ನಾನೊಬ್ಬ. ನಾನೇ ಅನುವಾದ ಮಾಡಿ ಹೇಳಿದೆ. ಫೇಜಾ ಅಂತ ಒಬ್ಬ ಅಜ್ಜಿ ಎದ್ದು ಕೇಳಿದಳು, ಇದು ಅವರ ಮಾತೋ, ನಿನ್ನ ಮಾತೋ ಅಂತ. ನನ್ನದೇ ಅಂದ್ಬಿಟ್ಟೆ.”

ಮರುದಿನ ಪಂಪನ್ನು ಗುರುತಿಸಲು ಯೋರಾನ್ ಠಾಣೆಗೆ ಬಂದ. ದೂರು ಹಿಂತೆಗೆದುಕೊಳ್ಳುತ್ತೇನೆ ಎಂದ. ಕಳ್ಳತನದ ಕೇಸು ಹಾಗೆ ಮುಗಿಯುವುದಿಲ್ಲ, ಪ್ರಾಸಿಕ್ಯೂಟರ್ ತೀರ್ಮಾನಿಸಬೇಕು ಎಂದಳು ಪಾವನಾ. ಹೊರಗೆ ಪತ್ರಿಕೆಯವರು ಕಾಯುತ್ತಿದ್ದರು. ಯೋರಾನ್ ಪಂಪಿನ ಹಿಡಿಯನ್ನು ಎರಡು ಸಲ ಒತ್ತಿ ನೋಡಿ, ಕಿವಿ ಕೆಂಪಗೆ ಮಾಡಿಕೊಂಡು ಹೇಳಿದ: “ಇದು ಹಡಗು ಹತ್ತಲಿ. ಆದರೆ ಇದನ್ನು ಕೂಡಿಸಲು ಬರುವವನು ನಿಮ್ಮ ಲಾಕಪ್ಪಿನಲ್ಲಿದ್ದಾನೆ. ಯಾವಾಗ ಬಿಡ್ತೀರಿ?”

ಅದೇ ಸಂಜೆ ಬಿಟ್ಟರು. ಕೇಸು ದಂಡದಲ್ಲಿ ಮುಗಿಯಿತು, ನೌಕರಿಯೂ ಉಳಿಯಿತು.

ಅಂತಿಮ ವರದಿಯಲ್ಲಿ ‘ಪ್ರೇರಣೆ’ ಎಂಬಲ್ಲಿ ಪಾವನಾ ದುರಾಸೆ, ದ್ವೇಷ ಯಾವುದನ್ನೂ ಬರೆಯಲಾರದೆ ಹೋದಳು. ಕೊನೆಗೆ ಇಷ್ಟು ಬರೆದಳು: ಆರೋಪಿ ಬೇರೆಯವರ ಮಾತನ್ನು ಅನುವಾದಿಸಿದ್ದ, ಆಮೇಲೆ ಅದನ್ನು ನಂಬಿಬಿಟ್ಟಿದ್ದ.